ಥೈರಾಯ್ಡ್ ಮಾತ್ರೆಯ ಬ್ರ್ಯಾಂಡ್ ಬದಲಾದರೆ ಏನಾಗುತ್ತದೆ?

ಥೈರಾಯ್ಡ್ ಮಾತ್ರೆ ಬಗ್ಗೆ ಎರಡು ಮಾತು ಕೇಳಿಬರುತ್ತವೆ. “ಎಲ್ಲದರಲ್ಲೂ ಒಂದೇ ಔಷಧಿ, ಯಾವುದಾದರೂ ನಡೆಯುತ್ತದೆ” ಎಂಬುದು ಒಂದು. “ಕಡಿಮೆ ಬೆಲೆಯದ್ದು ಕೆಲಸ ಮಾಡುವುದಿಲ್ಲ” ಎಂಬುದು ಇನ್ನೊಂದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಿಂದ ಪೇಟೆಗೆ ಬಂದವರು ಕೆಲವೊಮ್ಮೆ ಮೆಡಿಕಲ್ ಶಾಪಿನಲ್ಲಿ ಇದ್ದದ್ದನ್ನೇ ಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಈ ಮಾತುಗಳನ್ನು ನಾವು ಪರಿಶೀಲಿಸಿದೆವು. ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು.

ಔಷಧಿ ಒಂದೇನಾ?

ಹೌದು. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಮೂರರಲ್ಲೂ ಇರುವುದು ಲೆವೊಥೈರಾಕ್ಸಿನ್. ಇದು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಬೆಲೆ ಹೆಚ್ಚೆಂದ ಮಾತ್ರಕ್ಕೆ ಗುಣ ಹೆಚ್ಚಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ?

ಮಾತ್ರೆಯಲ್ಲಿ ಔಷಧಿ ಇರುವುದು 25, 50, 100 ಹೀಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಉಳಿದದ್ದು ಮಾತ್ರೆಗೆ ಗಾತ್ರ ಕೊಡುವ ಪುಡಿ, ಅಂಟು ಇತ್ಯಾದಿ. ಇವು ಕಂಪನಿಯಿಂದ ಕಂಪನಿಗೆ ಬೇರೆ. ಹೀಗಾಗಿ ಕರುಳು ಹೀರಿಕೊಳ್ಳುವ ಔಷಧಿ ತುಸು ಹೆಚ್ಚುಕಮ್ಮಿ ಆಗಬಹುದು. ಈ ಔಷಧಿಯಲ್ಲಿ ಸಣ್ಣ ಏರುಪೇರೂ ಟಿಎಸ್‌ಎಚ್ ಪರೀಕ್ಷೆಯಲ್ಲಿ ಕಾಣಿಸಬಹುದು. ಅದಕ್ಕೇ ಮಾತ್ರೆಯಲ್ಲಿನ ಔಷಧಿ ಶೇ. 95ರಿಂದ 105ರೊಳಗೇ ಇರಬೇಕೆಂದು ಅಮೆರಿಕದ ಎಫ್‌ಡಿಎ 2007ರಲ್ಲಿ ನಿಯಮ ಬಿಗಿ ಮಾಡಿತು.

ಔಷಧಿ ಹೆಚ್ಚಾದರೆ ಎದೆಬಡಿತ ಏರುತ್ತದೆ, ಕಾಲಕ್ರಮೇಣ ಮೂಳೆ ಸವೆಯುತ್ತದೆ. ಕಡಿಮೆಯಾದರೆ ಸುಸ್ತು, ಮಲಬದ್ಧತೆ. ಗರ್ಭಿಣಿಯರಲ್ಲಿ ಮಗುವಿನ ಮಿದುಳಿನ ಬೆಳವಣಿಗೆಗೂ ತೊಂದರೆಯಾಗಬಹುದು.

ಬ್ರ್ಯಾಂಡ್ ಬದಲಾಯಿಸಬೇಕಾಗಿ ಬಂದರೆ?

ಹೆದರಿ ಮಾತ್ರೆ ನಿಲ್ಲಿಸಬೇಡಿ. ಅಷ್ಟೇ ಮೈಕ್ರೋಗ್ರಾಂನದ್ದು ತೆಗೆದುಕೊಂಡು ವೈದ್ಯರಿಗೆ ತಿಳಿಸಿ. 6ರಿಂದ 8 ವಾರದ ನಂತರ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ದೇಹದಲ್ಲಿರುವ ಈ ಔಷಧಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಮರುವಾರವೇ ಪರೀಕ್ಷಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ತಿಂಗಳಿಗೊಂದು ಬ್ರ್ಯಾಂಡ್ ನುಂಗುತ್ತಿದ್ದರೆ ಯಾವುದರಿಂದ ಏನಾಯಿತೆಂದು ವೈದ್ಯರಿಗೂ ತಿಳಿಯದು. ಗರ್ಭಿಣಿಯರು ಕಾಯದೆ ಕೂಡಲೇ ವೈದ್ಯರನ್ನು ಕೇಳಿ.

ಬ್ರ್ಯಾಂಡನ್ನು ದೂರುವ ಮೊದಲು

ಏರುಪೇರಿಗೆ ಕಾರಣ ಮನೆಯಲ್ಲೇ ಇರಬಹುದು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.

ಶಾಖ, ಬೆಳಕು, ತೇವದಿಂದ ಈ ಔಷಧಿಯ ಶಕ್ತಿ ಕುಂದುತ್ತದೆ. ಆಗುಂಬೆ, ಹುಲಿಕಲ್‌ನಂಥ ಕಡೆ ಮಳೆಗಾಲದಲ್ಲಿ ಮನೆಯೊಳಗೂ ಥಂಡಿ. ಬಾಟಲಿ ಮುಚ್ಚಳ ಬಿಗಿಯಾಗಿರಲಿ. ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ, ಒಲೆಯ ಹತ್ತಿರ ಇಡಬೇಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು: ಯಾವ ಬ್ರ್ಯಾಂಡ್ ಆದರೂ ಸರಿ, ಒಂದನ್ನೇ ಮುಂದುವರಿಸಿ, ಬದಲಾದರೆ ಟಿಎಸ್‌ಎಚ್ ನೋಡಿಸಿ.