ಇನ್ಸೆಂಟಿವ್ ಕೊಟ್ಟರೆ ಕೆಲಸದ ಹುರುಪು ಹೆಚ್ಚುತ್ತದೆಯೇ?

ಪರ
ಮೊದಲು ದುಡ್ಡು, ಆಮೇಲೆ ಮಿದುಳಿನ ಮಾತು
– ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಮಾಲೀಕರು

ನೌಕರರಲ್ಲಿ ಹುರುಪು ತುಂಬುವುದು ಹೇಗೆಂದು ಹೇಳಿಕೊಡುವ ತರಬೇತುದಾರರು ಹೋಟೆಲಿನ ಎಸಿ ಹಾಲ್‌ನಲ್ಲಿ ನಿಂತು ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ಬಗ್ಗೆ ಮಾತಾಡುತ್ತಾರೆ. ಮುಗಿದ ಮೇಲೆ ತಮ್ಮ ಚೆಕ್ಕನ್ನು ಮರೆಯದೆ ಜೇಬಿಗಿಳಿಸುತ್ತಾರೆ. ದುಡ್ಡಿನಿಂದ ಹುರುಪು ಬರುವುದಿಲ್ಲ ಎಂಬ ಸಿದ್ಧಾಂತ ಅವರಿಗೇಕೆ ಅನ್ವಯಿಸುವುದಿಲ್ಲವೋ ತಿಳಿಯದು. ‘ಒಳಗಿನ ಪ್ರೇರಣೆ’ ಬೇಕಾದದ್ದು ದುಡಿಯುವವನಿಗೆ ಮಾತ್ರ! ಸಂಬಳ ಏರಿಸದಿರಲು ಇಷ್ಟು ಸಭ್ಯವಾದ ನೆಪ ಇನ್ನೊಂದಿಲ್ಲ.

ನನಗೆ ರಾಜಸ್ಥಾನದ ಉದಯಪುರದ ಉದಾಹರಣೆಯೊಂದೇ ಸಾಕು. ಆ ಭಾಗದ ಹಳ್ಳಿಗಳಲ್ಲಿ ಸೇವಾ ಮಂದಿರ ಸಂಸ್ಥೆ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತಿತ್ತು. ಮೇಷ್ಟ್ರುಗಳದ್ದು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೆಲವು ಶಾಲೆಗಳಿಗೆ ತಾರೀಖು, ಸಮಯ ತಿದ್ದಲಾಗದ ಕ್ಯಾಮೆರಾ ಕೊಡಿಸಿದರು. ಬೆಳಿಗ್ಗೆ ಒಂದು ಫೋಟೊ, ಶಾಲೆ ಬಿಡುವಾಗ ಒಂದು ಫೋಟೊ, ತೆಗೆಯುವವರು ಮಕ್ಕಳು. ತಿಂಗಳಿಗೆ 20 ದಿನ ಬಂದರೆ 1,000 ರೂಪಾಯಿ. ಮೇಲೆ ಬಂದ ದಿನಕ್ಕೆ 50 ರೂಪಾಯಿ ಹೆಚ್ಚು, ತಪ್ಪಿದ ದಿನಕ್ಕೆ 50 ಕಡಿತ, ಏನೇ ಆದರೂ 500 ರೂಪಾಯಿ ಖಾತ್ರಿ. ಕ್ಯಾಮೆರಾ ಇಲ್ಲದ ಶಾಲೆಗಳಲ್ಲಿ ಗೈರುಹಾಜರಿ ಶೇ 42, ಇದ್ದಲ್ಲಿ ಶೇ 21. ಮಕ್ಕಳ ಕಲಿಕೆಯೂ ಸುಧಾರಿಸಿತು.

ಅದು ಕ್ಯಾಮೆರಾದ ಭಯ, ದುಡ್ಡಿನ ಮಹಿಮೆಯಲ್ಲ ಎನ್ನುವವರು ಇದನ್ನು ಕೇಳಿ. ಹೆಚ್ಚು ದಿನ ತಪ್ಪಿಸಿಕೊಂಡ ಮೇಷ್ಟ್ರಿಗೆ ತಿಂಗಳ ಕೊನೆಯಲ್ಲಿ ಬಂದರೂ 500, ಬರದಿದ್ದರೂ 500. ಅಂಥವರು ಆಗ ಬರುತ್ತಿದ್ದುದು ಕಡಿಮೆ. ಒಂದನೇ ತಾರೀಖಿಗೆ ಲೆಕ್ಕ ಹೊಸದಾಗುತ್ತಲೇ ಅವರ ಹಾಜರಿ ಏರುತ್ತಿತ್ತು. ಅದೇ ಮೇಷ್ಟ್ರು, ಅದೇ ಕ್ಯಾಮೆರಾ. ಬದಲಾದದ್ದು ದಿನಕ್ಕೆ 50 ರೂಪಾಯಿ ಮಾತ್ರ.

ಅಮೆರಿಕದಲ್ಲಿ ಕಾರಿಗೆ ಗಾಜು ಕೂರಿಸುವ ಸೇಫ್‌ಲೈಟ್ ಕಂಪನಿ ಗಂಟೆಗೂಲಿ ಬಿಟ್ಟು ಕೂರಿಸಿದ ಗಾಜಿಗಿಷ್ಟು ಎಂಬ ಪೀಸ್‌ರೇಟಿಗೆ ಬಂದಾಗ ತಲಾ ಉತ್ಪಾದನೆ ಶೇ 44ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 2000ದಲ್ಲಿ ಬರೆದರು. ಅದರಲ್ಲಿ ಅರ್ಧದಷ್ಟು ಬಂದದ್ದು ಚುರುಕಾದ ಕೆಲಸಗಾರರು ಬಂದು ನೆಲೆನಿಂತಿದ್ದರಿಂದ. ಇರಲಿ, ಉಳಿದರ್ಧವೇ ನನಗೆ ಬೇಕಾದಷ್ಟಾಯಿತು.

ಬಹುಮಾನದ ಆಸೆ ತೋರಿಸಿದರೆ ಮಕ್ಕಳಿಗೆ ಚಿತ್ರ ಬರೆಯುವ ಖುಷಿ ಹೋಗುತ್ತದಂತೆ. ಹೋಗಲಿ ಬಿಡಿ. ರಾತ್ರಿ ಪಾಳಿಯಲ್ಲಿ ಲೇತ್ ಮುಂದೆ ನಿಂತವನು ಖುಷಿಗೆ ನಿಂತಿದ್ದಾನೆಯೇ? ಇನ್ನು ಟಾರ್ಗೆಟ್ ಬೆನ್ನುಹತ್ತಿದರೆ ಅಳತೆ ತಪ್ಪುತ್ತದೆ ಎಂಬ ತಕರಾರು. ತಪ್ಪುತ್ತದೆ, ಯಾರು ಇಲ್ಲವೆಂದರು? ಅದಕ್ಕೇ ರಿಜೆಕ್ಟ್ ಆದ ಪೀಸಿಗೆ ನಾನು ಕಾಸು ಕೊಡುವುದಿಲ್ಲ. ತಪಾಸಣೆಗೆಂದೇ ಒಬ್ಬನನ್ನು ಇಟ್ಟಿದ್ದೇನೆ. ಅವನೊಬ್ಬನಿಗೆ ಮಾತ್ರ ಇನ್ಸೆಂಟಿವ್ ಇಲ್ಲ. ಕೊಟ್ಟರೆ ಎಲ್ಲವನ್ನೂ ಪಾಸ್ ಮಾಡಿಬಿಡುತ್ತಾನೆ.

ವಿರೋಧ
ಆಮಿಷಕ್ಕೆ ಮಿತಿಗಳಿವೆ
– ಮನಃಶಾಸ್ತ್ರ ಉಪನ್ಯಾಸಕಿ

ಜಾಗ ಕಡಿಮೆ ಇರುವುದರಿಂದ ಅಂಶಗಳನ್ನಷ್ಟೇ ಹೇಳುತ್ತೇನೆ.

ಒಂದು. ಮನಃಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ವಿದ್ಯಾರ್ಥಿಗಳಿಗೆ ಸೋಮಾ ಕ್ಯೂಬ್ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ಹಣ ಪಡೆದವರು, ಹಣ ನಿಂತ ಮೇಲೆ ಬಿಡುವಿನಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಚಿತ್ರ ಬರೆಯುವ ಮಕ್ಕಳ ಪ್ರಯೋಗ 1973ರದು, ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರದು. ಅಲ್ಲಿ ಮೊದಲೇ ಹೇಳದೆ ಬಹುಮಾನ ಪಡೆದ ಮಕ್ಕಳ ಆಸಕ್ತಿ ಕುಂದಲಿಲ್ಲ. ತೊಂದರೆ ಇರುವುದು ‘ಮಾಡಿದರೆ ಕೊಡುತ್ತೇನೆ’ ಎಂಬ ಕರಾರಿನಲ್ಲಿ.

ಎರಡು. ಕೌ ಮುರಾಯಾಮ ತಂಡ 2010ರಲ್ಲಿ ಮಿದುಳನ್ನೇ ಸ್ಕ್ಯಾನ್ ಮಾಡಿ ನೋಡಿತು. ಸ್ಟಾಪ್‌ವಾಚನ್ನು ಸರಿಯಾಗಿ ಐದು ಸೆಕೆಂಡಿಗೆ ನಿಲ್ಲಿಸುವ ಆಟ. ಹಣ ಪಡೆದವರಿಗೆ ಹಣ ಕೊಡುವುದನ್ನು ನಿಲ್ಲಿಸಿದಾಗ, ಗೆದ್ದರೂ ಬಹುಮಾನಕ್ಕೆ ಸ್ಪಂದಿಸುವ ಸ್ಟ್ರಯಾಟಮ್ ಎಂಬ ಭಾಗದಲ್ಲಿ ಮೊದಲಿನ ಚಟುವಟಿಕೆ ಉಳಿಯಲಿಲ್ಲ. ಹಣವಿಲ್ಲದೆ ಆಡಿದವರಲ್ಲಿ ಉಳಿದಿತ್ತು.

ಮೂರು. ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಲ್ಲಿ ಕಂಡಂತೆ, ಡೋಪಮಿನ್ ನರಕೋಶಗಳು ಸ್ಪಂದಿಸುವುದು ಅನಿರೀಕ್ಷಿತ ಹಣ್ಣಿನ ರಸಕ್ಕೆ. ರಸ ಬರುವುದು ಗೊತ್ತಾದ ಮೇಲೆ ಅವು ಅದಕ್ಕೆ ಸ್ಪಂದಿಸುವುದಿಲ್ಲ. ಬರದೇ ಹೋದರೆ ಮಾತ್ರ ಅವುಗಳ ಚಟುವಟಿಕೆ ಕುಸಿಯುತ್ತದೆ. ಮಂಗದ ರಸದಿಂದ ಮನುಷ್ಯನ ಬೋನಸ್ಸಿಗೆ ನೇರ ಜಿಗಿಯಬಾರದು. ಆದರೂ ಪ್ರತಿವರ್ಷದ ಬೋನಸ್ಸು ಸಂಬಳದಲ್ಲೇ ಸೇರಿಹೋಗುವುದನ್ನು ನೌಕರರೆಲ್ಲ ಬಲ್ಲರು.

ನಾಲ್ಕು. ಡ್ಯಾನ್ ಏರಿಯಲಿ ಮತ್ತು ಇತರರು ತಮಿಳುನಾಡಿನ ಮದುರೆ ಕಡೆಯ ಹಳ್ಳಿಗರಿಗೆ ನೆನಪು, ಜಾಣ್ಮೆ, ಕೈಚಳಕದ ಆಟ ಆಡಿಸಿದರು. ಆಟಕ್ಕೆ 4, 40 ಅಥವಾ 400 ರೂಪಾಯಿವರೆಗೆ ಗಳಿಸಬಹುದಿತ್ತು. ಎಲ್ಲರಿಗಿಂತ ಕಳಪೆಯಾಗಿ ಆಡಿದವರು 400ರವರು. ದೊಡ್ಡ ಮೊತ್ತ ಗಮನವನ್ನು ಕೆಲಸದಿಂದ ಕಿತ್ತು ಮೊತ್ತದ ಕಡೆಗೆಳೆಯುತ್ತದೆ ಎಂಬುದು ಇದಕ್ಕೊಂದು ವಿವರಣೆ.

ಐದು. ಉದಯಪುರದಲ್ಲಿ ದುಡ್ಡು ಮೇಷ್ಟ್ರನ್ನು ಶಾಲೆಗೆ ತಂದಿತು, ನಿಜ. ಬಂದ ಮೇಲೆ ಅವರು ಪಾಠ ಮಾಡುವುದರಲ್ಲಿ ವ್ಯತ್ಯಾಸವಾಗಲಿಲ್ಲ. ಬಂದದ್ದರಿಂದಲೇ ಮಕ್ಕಳು ಹೆಚ್ಚು ಕಲಿತರು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಕೊನೆಯದಾಗಿ, ಡೆಸಿಯವರೇ 1999ರಲ್ಲಿ ಇಂಥ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇಸರದ ಕೆಲಸದಲ್ಲಿ ಬಹುಮಾನ ಆಸಕ್ತಿಯನ್ನು ಕೆಡಿಸುವುದು ಕಂಡುಬರಲಿಲ್ಲ. ಕೆಡಲು ಅಲ್ಲಿ ಆಸಕ್ತಿಯೇ ಇರುವುದಿಲ್ಲ. ನಮ್ಮ ಬಹುಪಾಲು ಕೆಲಸಗಳು ಅಂಥವೇ ಅಲ್ಲವೇ ಎಂದು ಕೇಳಿದರೆ, ಅವುಗಳ ಮಟ್ಟಿಗೆ ಇನ್ಸೆಂಟಿವ್ ಇರಲಿ ಎನ್ನುತ್ತೇನೆ. ಆದರೆ ಪಾಠ ಹೇಳುವವರಿಗೆ, ರೋಗಿಗಳನ್ನು ನೋಡಿಕೊಳ್ಳುವವರಿಗೆ, ಹೊಸದನ್ನು ರೂಪಿಸುವವರಿಗೆ ಮನೆಖರ್ಚಿನ ಚಿಂತೆ ಇಲ್ಲದಷ್ಟು ಸಂಬಳ ಕೊಟ್ಟು, ಕೆಲಸದ ರೀತಿಯನ್ನು ಅವರಿಗೇ ಬಿಡಬೇಕು. ಈ ಸಂಬಳ ಇಲ್ಲದ ಕಡೆ ಮೇಲಿನ ಐದೂ ಅಂಶಗಳು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.