ನೀತಿ ಕಡತದಲ್ಲಿದ್ದರೆ ಸಾಲದು, ಯಂತ್ರದಲ್ಲಿರಬೇಕು

ವರ್ಷಾಂತ್ಯದಲ್ಲಿ ಗೋದಾಮಿನ ದಾಸ್ತಾನನ್ನು ಎಣಿಸಿ ಖಾತೆ ಪುಸ್ತಕದೊಡನೆ ತಾಳೆ ನೋಡುವ ಪದ್ಧತಿ ನಮ್ಮ ವರ್ತಕ ಬಂಧುಗಳಿಗೆ ಹೊಸದಲ್ಲ. ಪುಸ್ತಕದಲ್ಲಿ ನೂರು ಚೀಲವಿದ್ದರೂ ಗೋದಾಮಿನಲ್ಲಿ ತೊಂಬತ್ತೇ ಇರಬಹುದೆಂಬುದನ್ನು ಅನುಭವವು ಕಲಿಸಿದೆ. ಆದರೆ ಇದೇ ಎಚ್ಚರವನ್ನು ನಾವು ಕಚೇರಿಯ ಗಣಕಯಂತ್ರಗಳ ವಿಷಯದಲ್ಲಿ ವಹಿಸುತ್ತಿಲ್ಲವೆಂಬುದು ಖೇದದ ಸಂಗತಿ.

ಯಂತ್ರವನ್ನು ಹೊರಗಿನಿಂದ ಯಾರು ಸಂಪರ್ಕಿಸಬಹುದು, ಫೈರ್‌ವಾಲ್ ಯಾವ ದ್ವಾರವನ್ನು ಮುಚ್ಚಬೇಕು, ಯಾವ ಕಡತಗಳನ್ನು ಹಂಚಿಕೊಳ್ಳಬಹುದು ಎಂಬ ನಿಯಮಗಳೇ ಜಾಲ ಸುರಕ್ಷತಾ ನೀತಿಗಳು. ಇವನ್ನು ಸರ್ವರ್‌ನಲ್ಲಿ ಒಮ್ಮೆ ಬರೆದಿಟ್ಟು, ಎಲ್ಲ ಯಂತ್ರಗಳಿಗೂ ತಲುಪಿದವೆಂದು ನಂಬುವುದು ವಾಡಿಕೆಯಾಗಿದೆ.

ಆ ನಂಬಿಕೆ ಹುಸಿಯಾದುದನ್ನು ನಮ್ಮ ಘಟಕದಲ್ಲಿಯೇ ಕಂಡೆನು. ಲೆಕ್ಕಪತ್ರ ವಿಭಾಗಕ್ಕೆ ತಂದ ಹೊಸ ಗಣಕವನ್ನು ನಿರ್ವಹಣಾ ಗುತ್ತಿಗೆದಾರರು ಡೊಮೇನ್‌ಗೆ ಸೇರಿಸಿದರು. ವಿಭಾಗದ ಗುಂಪಿಗೆ ವರ್ಗಾಯಿಸುವುದನ್ನು ಮಾತ್ರ ಮರೆತರು. ಅಂತಹ ಯಂತ್ರವು ‘ಕಂಪ್ಯೂಟರ್ಸ್’ ಎಂಬ ಮೂಲ ಕೋಶದಲ್ಲಿಯೇ ಉಳಿಯುತ್ತದೆ. ಗುಂಪಿಗೆ ಜೋಡಿಸಿದ ನೀತಿಗಳು ಅದಕ್ಕೆ ಅನ್ವಯಿಸುವುದೇ ಇಲ್ಲ. ಏಳು ತಿಂಗಳ ಕಾಲ ನಮ್ಮ ಬ್ಯಾಂಕ್ ವ್ಯವಹಾರವೆಲ್ಲ ಅದರಲ್ಲಿಯೇ ನಡೆಯಿತು. ಹಾನಿಯಾಗಲಿಲ್ಲ. ಅದು ಅದೃಷ್ಟವೇ ಹೊರತು ನಮ್ಮ ಜಾಣ್ಮೆಯಲ್ಲ.

ಪರಿಶೀಲನೆ ಕಷ್ಟದ್ದೇನಲ್ಲ. ವಿಂಡೋಸ್ ಪ್ರೊಫೆಷನಲ್ ಆವೃತ್ತಿಯಲ್ಲಿ ಆಡಳಿತಾಧಿಕಾರದೊಡನೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಜಿಪಿರಿಸಲ್ಟ್’ ಆದೇಶವನ್ನು ‘ಆರ್’ ಸೂಚಕದೊಡನೆ ನೀಡಿದರೆ, ಆ ಯಂತ್ರಕ್ಕೆ ಅನ್ವಯಿಸಿದ ನೀತಿಗಳ ಪಟ್ಟಿಯೂ, ಅನ್ವಯಿಸದೆ ಬಿಟ್ಟವುಗಳ ಪಟ್ಟಿ ಕಾರಣಸಹಿತವಾಗಿಯೂ ದೊರೆಯುತ್ತದೆ. ‘ಎಚ್’ ಸೂಚಕವು ಮುದ್ರಿಸಬಹುದಾದ ವರದಿಯನ್ನೇ ಒದಗಿಸುತ್ತದೆ. ನೀತಿಗಳು ಸ್ಥಳೀಯ ಯಂತ್ರ, ಸೈಟ್, ಡೊಮೇನ್, ಗುಂಪು ಎಂಬ ಕ್ರಮದಲ್ಲಿ ಜಾರಿಯಾಗುತ್ತವೆ; ವಿರೋಧ ಬಂದಾಗ ಸಾಮಾನ್ಯವಾಗಿ ಕೊನೆಯದೇ ಗೆಲ್ಲುತ್ತದೆ. ಆದ್ದರಿಂದ ಬರೆದುದನ್ನು ಓದಿದರೆ ಸಾಲದು, ಗೆದ್ದುದನ್ನು ನೋಡಬೇಕು. ಡೊಮೇನ್ ಇಲ್ಲದ ಅಂಗಡಿಗಳಲ್ಲಿ ಫೈರ್‌ವಾಲ್ ಪರದೆಯನ್ನು ತೆರೆದು, ‘ಪ್ರೈವೇಟ್’ ಮತ್ತು ‘ಪಬ್ಲಿಕ್’ ವರ್ಗಗಳಲ್ಲಿ ಯಾವುದು ಚಾಲ್ತಿಯಲ್ಲಿದೆಯೆಂದು ನೋಡಿಕೊಂಡರೂ ಆರಂಭಕ್ಕೆ ಸಾಕು.

‘ವಾರ್ಷಿಕ ಗುತ್ತಿಗೆಗೆ ಹಣ ಕೊಡುತ್ತೇವಲ್ಲ, ಅದು ಅವರ ಹೊಣೆ’ ಎನ್ನುವವರಿದ್ದಾರೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶವು ಜಗತ್ತಿನಾದ್ಯಂತ ಗಣಕಗಳನ್ನು ಒತ್ತೆಯಿರಿಸಿಕೊಂಡಾಗ, ಅದನ್ನು ತಡೆಯುವ ಪರಿಹಾರವನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಮದ್ದು ಇತ್ತು, ಎಷ್ಟೋ ಯಂತ್ರಗಳಿಗೆ ತಲುಪಿರಲಿಲ್ಲ. ನಷ್ಟ ಅನುಭವಿಸಿದವರು ಯಂತ್ರಗಳ ಒಡೆಯರು. ಕಾನೂನೂ ನಮ್ಮನ್ನೇ ಕೇಳುತ್ತದೆ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು. ದಾಖಲೆ ಉಳಿಸುವ ನೀತಿಯೇ ಯಂತ್ರಕ್ಕೆ ತಲುಪಿರದಿದ್ದರೆ ತೋರಿಸುವುದೇನನ್ನು?

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಪ್ರತಿಯೊಂದು ಗಣಕದ ನೀತಿ ವರದಿಯನ್ನು ಲಗತ್ತಿಸಿದ ಹೊರತು ನಿರ್ವಹಣಾ ಬಿಲ್ಲನ್ನು ಮಂಜೂರು ಮಾಡಬೇಡಿ. ಹೊಸ ಯಂತ್ರ ಬಂದಾಗ, ರೌಟರ್ ಬದಲಾದಾಗ ಮತ್ತೊಮ್ಮೆ ಕೇಳಿ ಪಡೆಯಿರಿ. ನಮ್ಮ ಮಂಡಳಿಯೂ ಈ ಕುರಿತು ಅರ್ಧ ದಿನದ ಕಾರ್ಯಾಗಾರವನ್ನು ಏರ್ಪಡಿಸುವುದು ಸೂಕ್ತ. ದಾಸ್ತಾನು ಎಣಿಸುವ ಕೈಗಳಿಗೆ ಇದು ಭಾರವಾಗಲಾರದು.