ಊರು ಎಷ್ಟು ದೂರ?

ಗಿಣಿಗೇರಾ ರೈಲು ನಿಲ್ದಾಣದಲ್ಲಿ ಇಳಿದ ಪರಸ್ಥಳದವನು ದಾರಿ ಕೇಳಿದರೆ ಉತ್ತರಕ್ಕೆ ಬರವಿಲ್ಲ. "ಇಲ್ಲೇ ಕೂಗಳತಿ ದೂರ ಐತ್ರಿ, ಸೀದಾ ಮೂಡಲ ದಿಕ್ಕಿಗೆ ಹೋಗ್ರಿ" ಎನ್ನುವವರು ಒಬ್ಬರಲ್ಲ, ಮೂವರು ಸಿಗುತ್ತಾರೆ. ಕೂಗಿದರೆ ಕೇಳಿಸುವಷ್ಟು ಅಂತರವೇ ಕೂಗಳತೆ. ಕೂಗುವವನ ಗಂಟಲು ಎಂಥದೆಂಬುದು ಮಾತ್ರ ಅರ್ಧ ಮೈಲಿ ನಡೆದ ಮೇಲೆಯೇ ಪ್ರಯಾಣಿಕನಿಗೆ ತಿಳಿಯುವ ಸಂಗತಿ.

ಇದೇ ಊರಿನ ಉಕ್ಕಿನ ಕಾರ್ಖಾನೆಯ ತರುಣ ಎಂಜಿನಿಯರನೊಬ್ಬ ತರಬೇತಿಗಾಗಿ ಜರ್ಮನಿಗೆ ಹೋದನೆನ್ನೋಣ. ಮರಳುವ ಮುನ್ನ ಟ್ಯೂಬಿಂಗೆನ್ ನೋಡಬೇಕೆಂಬ ಆಸೆ ಅವನಿಗೆ. ಕನ್ನಡ ಬಲ್ಲವನಿಗೆ ಅದು ತಕ್ಕ ಆಸೆಯೇ. 1853ರಲ್ಲಿ ಬಾಸೆಲ್ ಮಿಶನ್ನಿನವರಾಗಿ ನಮ್ಮ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟ್ಟೆಲರು 1903ರಲ್ಲಿ ಕಣ್ಮುಚ್ಚಿದ್ದು ಆ ಊರಿನಲ್ಲಿ.

ಸ್ಟುಟ್‌ಗಾರ್ಟಿನಲ್ಲಿ ನಿಂತ ತರುಣನು "ವೀ ವೈಟ್ ಇಸ್ಟ್ ಎಸ್ ಬಿಸ್ ಟ್ಯೂಬಿಂಗೆನ್?" ಎಂದು ಕೇಳಬೇಕು, ಟ್ಯೂಬಿಂಗೆನ್‌ವರೆಗೆ ಎಷ್ಟು ದೂರ ಎಂದರ್ಥ. ರೈಲು ನಿಲ್ದಾಣದ ದಾರಿ ಬೇಕಾದರೆ "ವೀ ಕೊಮ್ಮೆ ಇಷ್ ಟ್ಸುಮ್ ಬಾನ್‌ಹೋಫ್?" ಎನ್ನಬೇಕು. ಉತ್ತರದಲ್ಲಿ ಮೂರು ಮಾತುಗಳನ್ನು ಹಿಡಿದರೆ ಸಾಕು: 'ಲಿಂಕ್ಸ್' ಎಡಕ್ಕೆ, 'ರೆಷ್ಟ್ಸ್' ಬಲಕ್ಕೆ, 'ಗೆರಾಡೆಔಸ್' ನೇರಕ್ಕೆ. ಅಪರಿಚಿತರನ್ನು 'ಡೂ' ಎನ್ನದೆ 'ಸೀ' ಎನ್ನಬೇಕು. ನೀನು, ನೀವುಗಳ ಭೇದವನ್ನು ಬಲ್ಲ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಯೂ ಕೂಗಳತೆಯ ಬಂಧುಗಳುಂಟು. ಹತ್ತಿರದ ಸ್ಥಳವನ್ನು 'ಕಾಟ್ಸೆನ್‌ಶ್ಪ್ರುಂಗ್', ಅಂದರೆ ಬೆಕ್ಕಿನ ನೆಗೆತ, ಎನ್ನುತ್ತಾರೆ. ಹಿಂದೆ ಒಂದು ಗಂಟೆಯ ನಡಿಗೆಯೇ ಅಲ್ಲಿ ದೂರದ ಅಳತೆಯಾಗಿತ್ತು. ನಮ್ಮ ಹರದಾರಿಗೆ ಅದು ಹೆಚ್ಚುಕಡಿಮೆ ಅಣ್ಣತಮ್ಮ. ಅವರ ಹಳೆಯ ಮೈಲಿಯಾದರೋ ಸುಮಾರು ಏಳೂವರೆ ಕಿಲೋಮೀಟರು! 1872ರಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದು ಈ ಗೊಂದಲ ತೀರಿತು. ಸೂರ್ಯ ಮೂಡುವ ಕಡೆ ನಮಗೆ ಮೂಡಣವಾದಂತೆ, ಹಳೆಯ ಜರ್ಮನ್ನಿನಲ್ಲಿ ಬೆಳಗ್ಗೆಯ ಹೆಸರಾದ 'ಮೋರ್ಗೆನ್' ಪೂರ್ವ ದಿಕ್ಕಿನ ಹೆಸರೂ ಆಗಿತ್ತು.

ಅಪಾಯವಿರುವುದು ಸಂಖ್ಯೆಗಳಲ್ಲಿ. ಇಪ್ಪತ್ತೈದಕ್ಕೆ ಅವರು 'ಐದು ಮತ್ತು ಇಪ್ಪತ್ತು' ಎನ್ನುತ್ತಾರೆ. ಅವಸರದಲ್ಲಿ ಕೇಳಿದವನು ಐವತ್ತೆರಡೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳ ಸೀಮೆಯವನಿಗೆ ಉರ್ದುವಿನ 'ಪಚ್ಚೀಸ್' ಇಲ್ಲಿ ನೆರವಾದೀತು. ಅದರಲ್ಲಿಯೂ ಐದೇ ಮೊದಲು.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಊರು ನೋಡಿ ಮುಗಿದ ಮೇಲೆ, ಹಿಂದಿರುಗುವ ರೈಲು ಎಷ್ಟು ಹೊತ್ತಿಗೆಂದು ತರುಣನು ದಾರಿಹೋಕನೊಬ್ಬನನ್ನು ಕೇಳುತ್ತಾನೆ. 'ಹಾಲ್ಪ್ ಡ್ರೈ' ಎಂಬ ಉತ್ತರ ಬರುತ್ತದೆ. 'ಹಾಲ್ಪ್' ಎಂದರೆ ಅರ್ಧ, 'ಡ್ರೈ' ಎಂದರೆ ಮೂರು. ಹಾಗಾದರೆ ಮೂರೂವರೆ ಎಂದುಕೊಂಡು ಅವನು ನಿಶ್ಚಿಂತೆಯಿಂದ ನದಿಯ ದಂಡೆಯಲ್ಲಿ ಕುಳಿತರೆ ಕೆಟ್ಟ! ಜರ್ಮನ್ ಲೆಕ್ಕದಲ್ಲಿ ಅದು ಮೂರಕ್ಕೆ ಅರ್ಧ ಗಂಟೆ ಕಡಮೆ, ನಮ್ಮ ಎರಡೂವರೆ. ರೈಲು ಹೋಗಿ ಒಂದು ಗಂಟೆಯಾದ ಮೇಲೆ ಅವನು ನಿಲ್ದಾಣ ಸೇರುತ್ತಾನೆ. ಅಂದಿನ ಸಂಜೆಯೇ ಊರಿಗೆ ವಿಮಾನವಿದ್ದರೆ ಅದರ ಗತಿಯೂ ಅಷ್ಟೇ.

ಪರಿಹಾರ ಸುಲಭ. ಹೊತ್ತನ್ನೂ ದೂರವನ್ನೂ ಚೀಟಿಯ ಮೇಲೆ ಅಂಕಿಗಳಲ್ಲಿ ಬರೆಸಿಕೊಳ್ಳಬೇಕು. ನಿಲ್ದಾಣದ ಫಲಕದಲ್ಲಿ ಕಾಣುವ 14.30ಕ್ಕೆ ಎರಡು ಅರ್ಥವಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳಲು ನಾಚಬಾರದು. ಕೇಳುವುದಕ್ಕೆ ನಾಚಿದ್ದರೆ ಕಿಟ್ಟೆಲರ ನಿಘಂಟು ಆಗುತ್ತಿರಲಿಲ್ಲ; ಅನ್ಯದೇಶದಿಂದ ಬಂದ ಆ ಮನುಷ್ಯ ನಾಲ್ಕು ದಶಕಗಳ ಕಾಲ ನಮ್ಮವರನ್ನು ಕೇಳುತ್ತಲೇ ಇದ್ದರು. ಅವರ ಊರಿನಲ್ಲಿ ನಮ್ಮವನೊಬ್ಬ ನಾಲ್ಕು ಮಾತು ಕೇಳಿದರೆ ತಪ್ಪೇನು? ಉತ್ತರ ಸಿಕ್ಕೊಡನೆ 'ಡಾಂಕೆ' ಎಂದು ಕೃತಜ್ಞತೆ ಹೇಳುವುದನ್ನು ಮಾತ್ರ ಮರೆಯಬಾರದು.